ಮಾಲ್ಗುಡಿಯ ಟೋಪಿ, ಮೈಸೂರಿನ ಪೇಟ

ಮೈಸೂರನ್ನು ನೆನೆಯುವವರು ಮೊದಲು ನೆನೆಯುವುದು ಅದರ ಬಟ್ಟೆಯನ್ನು. ಜರಿ ಪೇಟ, ಕ್ಲೋಸ್‌ಕಾಲರ್ ಕೋಟು, ಕಚ್ಚೆಪಂಚೆ, ಹೆಗಲ ಮೇಲೆ ಮಡಿಸಿ ಹಾಕಿದ ಶಲ್ಯ; ಹೆಂಗಸರಾದರೆ ಮೈಸೂರು ರೇಷ್ಮೆ ಸೀರೆ, ಜಡೆಯ ತುಂಬ ಮಲ್ಲಿಗೆ. ಹಳಬರ ನೆನಪುಗಳಲ್ಲಿ, ಮನೆಗಳ ಗೋಡೆಯ ಮೇಲಿನ ಕಟ್ಟುಹಾಕಿದ ಫೋಟೋಗಳಲ್ಲಿ, ದಸರೆಯ ಹೊತ್ತಿಗೆ ಬೀದಿಬೀದಿಗೆ ಏಳುವ ಫ್ಲೆಕ್ಸುಗಳಲ್ಲಿ ಈ ಉಡುಪು ಒಂದಿಷ್ಟೂ ಬದಲಾಗದೆ ನಿಂತಿದೆ. ನನ್ನ ಪೀಳಿಗೆಯವರಿಗೆ ಅದು ನೆನಪೂ ಹೌದು, ಹಂಬಲವೂ ಹೌದು. ಆದರೆ ಚಾಮುಂಡಿಬೆಟ್ಟದ ತಪ್ಪಲಿನ ಸಿದ್ಧಾರ್ಥನಗರದಂಥ ಬಡಾವಣೆಯಲ್ಲಿ ಬಾಳಿದವರು ದಿನವೂ ಕಂಡದ್ದು ಬೇರೆ ಬಟ್ಟೆಯನ್ನು: ಬೆಳಗ್ಗೆ ಹಾಲಿಗೆ ಹೊರಟವರ ಸ್ವೆಟರು, ಮಂಕಿಕ್ಯಾಪು, ಲುಂಗಿ, ರಂಗೋಲಿ ಹಾಕುವವರ ನೈಟಿ, ಅದರ ಮೇಲೊಂದು ಟವೆಲು, ಕಾಲೇಜಿಗೆ ಹೊರಟ ಹುಡುಗಿಯರ ಚೂಡಿದಾರ, ಇಸ್ತ್ರಿ ಗಾಡಿಯ ಮೇಲೆ ರಾಶಿ ಬಿದ್ದ ಪ್ಯಾಂಟು ಶರ್ಟು. ಮೊದಲನೆಯದು ಸಂಪ್ರದಾಯ, ಎರಡನೆಯದು ಬರೀ ಅನುಕೂಲ ಎಂದು ಊರು ತೀರ್ಮಾನಿಸಿಬಿಟ್ಟಿದೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಾವು ಸಂಪ್ರದಾಯವೆಂದು ಕೈಮುಗಿಯುವ ಉಡುಪನ್ನು ಕಚೇರಿ, ಕಾರ್ಖಾನೆ, ಶಾಲೆಗಳು ಸೇರಿ ನಮ್ಮ ಅಜ್ಜಂದಿರ ಕಾಲದಲ್ಲಿ ಕಟ್ಟಿದವು. ಅದೂ ತನ್ನ ದಿನಗಳಲ್ಲಿ ಹೊಸತೇ ಆಗಿತ್ತು, ಅನುಕೂಲದ್ದೇ ಆಗಿತ್ತು. ಅದನ್ನು ಅನಾದಿ ಎಂದು ಹೇಳಿಕೊಳ್ಳುವ ಹೊತ್ತಿಗೆ, ನೇಯ್ದವರು, ಹೊಲಿದವರು, ಉಡಲು ಅವಕಾಶವಿಲ್ಲದೆ ಹೊರಗೆ ನಿಂತವರು ಎಲ್ಲರೂ ನಮ್ಮ ನೆನಪಿನಿಂದ ಜಾರಿಹೋದರು.

ಇದಕ್ಕೆ ಮೊದಲ ಸಾಕ್ಷಿಯಾಗಿ ನಾನು ಕರೆಯುವುದು ಭೂಪಟದಲ್ಲಿ ಇಲ್ಲದ ಊರೊಂದನ್ನು. ಆರ್.ಕೆ. ನಾರಾಯಣ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು, ಯಾದವಗಿರಿಯಲ್ಲಿ ಮನೆ ಕಟ್ಟಿಸಿದವರು. ಅವರು ಕಲ್ಪಿಸಿದ ಮಾಲ್ಗುಡಿಯ ಬೀದಿಗಳಲ್ಲಿ ಮೈಸೂರಿನ ಗಾಳಿ ಆಡುತ್ತದೆಂದು ಓದುಗರು ಎಂದೋ ಒಪ್ಪಿಕೊಂಡಿದ್ದಾರೆ. 1935ರಲ್ಲಿ ಅಚ್ಚಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ 1930ರ ಆಗಸ್ಟ್ 15ರಂದು ಸರಯೂ ನದಿಯ ದಂಡೆಯಲ್ಲಿ ಸಭೆ ಸೇರುತ್ತದೆ, ವಿದೇಶಿ ಬಟ್ಟೆಯ ಹೋಳಿ ಹೊತ್ತಿಕೊಳ್ಳುತ್ತದೆ. ನಿನ್ನ ತಲೆಯ ಮೇಲಿರುವುದು ವಿದೇಶಿ ಟೋಪಿ ಎಂದು ಗುಂಪಿನಲ್ಲಿ ಯಾರೋ ಹೇಳಿದ್ದೇ ತಡ, ಹುಡುಗ ಸ್ವಾಮಿನಾಥ ನಾಚಿ ಅದನ್ನು ಬೆಂಕಿಗೆ ಎಸೆಯುತ್ತಾನೆ. ಅದು ಅಪ್ಪಟ ಖಾದಿಯದೇ ಆಗಿತ್ತೆಂದು ಆಮೇಲೆ ಅಪ್ಪ ತಿಳಿಸುತ್ತಾರೆ. ಉಡುಪಿನ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ನಿಖರವಾದ ಪ್ರಸಂಗ ಇನ್ನೊಂದಿಲ್ಲ. ಬಟ್ಟೆ ಎಲ್ಲಿ ನೇಯ್ದದ್ದು, ಯಾರು ನೇಯ್ದದ್ದು ಎನ್ನುವುದು ನೂಲಿನಲ್ಲಿರುವ ಸತ್ಯ. ಅದು ಯಾವ ಪಕ್ಷದ್ದು ಎನ್ನುವುದು ಸುತ್ತ ನಿಂತವರು ಕೊಡುವ ತೀರ್ಪು. ಇವೆರಡೂ ಎಷ್ಟು ಸಲೀಸಾಗಿ ಬೇರೆಯಾಗಬಲ್ಲವು ಎನ್ನುವುದನ್ನು ನಾರಾಯಣ್ ಒಂದು ಟೋಪಿಯಲ್ಲಿ ತೋರಿಸಿದರು. ಮುಂದೆ 1967ರ ‘ದ ವೆಂಡರ್ ಆಫ್ ಸ್ವೀಟ್ಸ್’ನಲ್ಲಿ ಮಿಠಾಯಿ ಅಂಗಡಿಯ ಜಗನ್ ತಾನೇ ನೂತ ನೂಲಿನ ಬಟ್ಟೆ ಉಡುತ್ತಾನೆ, ತಾನಾಗಿ ಸತ್ತ ಪ್ರಾಣಿಯ ಚರ್ಮದ ಚಪ್ಪಲಿಯನ್ನಷ್ಟೇ ಮೆಟ್ಟುತ್ತಾನೆ, ಆದರೂ ಅವನ ಮಗನಿಗೆ ಆ ಬಟ್ಟೆ ಏನನ್ನೂ ಹೇಳುವುದಿಲ್ಲ. ಮಾಲ್ಗುಡಿಯಲ್ಲಿ ಯಾವ ಉಡುಪೂ ಅನಾದಿಯಲ್ಲ. ಪ್ರತಿಯೊಂದನ್ನೂ ಯಾರೋ ಆರಿಸಿಕೊಂಡಿರುತ್ತಾರೆ, ಅದರ ಬಗ್ಗೆ ಇನ್ನಾರೋ ಜಗಳ ತೆಗೆದಿರುತ್ತಾರೆ. ಕಲ್ಪಿತ ಊರಿನ ಜನ ನಿಜವಾದ ಬಟ್ಟೆ ತೊಟ್ಟಿದ್ದಾರೆ; ನಿಜವಾದ ಮೈಸೂರು ತನ್ನ ಮೇಲೆ ಕಲ್ಪಿತ ಬಟ್ಟೆಯೊಂದನ್ನು ಹೊದಿಸಿಕೊಂಡಿದೆ.

ಕಲ್ಪಿತ ಎಂದೆ. ಅದಕ್ಕೆ ಆಧಾರ ಕೊಡಬೇಕು. ಮೈಸೂರಿನ ಉಡುಪಿನ ಕಥೆಯಲ್ಲಿ 1912ನೇ ಇಸವಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದ ಹೊಸ ಅರಮನೆ ಮುಗಿದದ್ದು ಆ ವರ್ಷ. ನಾಲ್ವಡಿ ಕೃಷ್ಣರಾಜ ಒಡೆಯರು ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನು ಆರಂಭಿಸಿದ್ದು ಆ ವರ್ಷ. ಎಂ. ವಿಶ್ವೇಶ್ವರಯ್ಯನವರು ದಿವಾನರಾದದ್ದೂ ಆ ವರ್ಷವೇ. ನಮ್ಮ ಕಣ್ಣಿಗೆ ಕಟ್ಟಿದ ‘ಹಳೆಯ ಮೈಸೂರು’ ಎನ್ನುವುದು ಹೆಚ್ಚುಕಡಿಮೆ ಆ ವರ್ಷದ ಮಗು. ಕಾರ್ಖಾನೆಯ ಮಗ್ಗಗಳು ಬಂದದ್ದು ಸ್ವಿಟ್ಜರ್‌ಲೆಂಡಿನಿಂದ. ಮೊದಲ ಗಿರಾಕಿಗಳು ಅರಮನೆಯವರು ಮತ್ತು ಸಂಸ್ಥಾನದ ಸೈನ್ಯ. ಸೈನ್ಯದವರ ಪೋಷಾಕಿನ ಅಲಂಕಾರದ ಬಟ್ಟೆಗೂ ಅರಸಿಯರ ಸೀರೆಗೂ ಒಂದೇ ಕಾರ್ಖಾನೆ ಎನ್ನುವುದರಲ್ಲೇ ಈ ಉಡುಪಿನ ಹುಟ್ಟುಗುಣ ತಿಳಿಯುತ್ತದೆ. ತನ್ನನ್ನು ಆಧುನಿಕ ಎಂದು ಜಗತ್ತಿಗೆ ತೋರಿಸಿಕೊಳ್ಳಬೇಕಿದ್ದ ಒಂದು ಸಂಸ್ಥಾನ, ತನ್ನ ಜನಕ್ಕೆ ತಾನು ಪುರಾತನ ಎಂದೂ ತೋರಿಸಿಕೊಳ್ಳಬೇಕಿತ್ತು. ಎರಡು ಕೆಲಸವನ್ನೂ ಬಟ್ಟೆ ಮಾಡಿಕೊಟ್ಟಿತು.

ಪೇಟವನ್ನೇ ನೋಡಿ. ಜಗನ್ಮೋಹನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜರ ಚಿತ್ರಗಳೂ ಇವೆ, ಅವರ ನಂತರದ ಅರಸರ ಚಿತ್ರಗಳೂ ಇವೆ. ತಲೆಯ ಮೇಲಿನದನ್ನಷ್ಟೇ ನೋಡುತ್ತ ನಡೆದರೆ ಸಾಕು, ಆಕಾರ, ಸುತ್ತು, ಗಾತ್ರ ಎಲ್ಲವೂ ಬದಲಾಗುತ್ತ ಬಂದದ್ದು ಯಾರಿಗಾದರೂ ಕಾಣುತ್ತದೆ. ಇವತ್ತು ಮೈಸೂರು ಪೇಟ ಎಂದು ನಾವು ಗುರುತಿಸುವ ಆಕಾರವನ್ನು ನಾಡಿನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಅರಮನೆಗಿಂತ ಹೆಚ್ಚಾಗಿ ಕಚೇರಿ. ವಿಶ್ವೇಶ್ವರಯ್ಯನವರ ಎಲ್ಲರೂ ಬಲ್ಲ ಚಿತ್ರದಲ್ಲಿ ಪೇಟದ ಕೆಳಗಿರುವುದು ಇಂಗ್ಲಿಷ್ ಕೋಟು, ಟೈ. ಅವರ ನಂತರ 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಪರ್ಷಿಯಾ ಮೂಲದ ಮುಸ್ಲಿಂ ಮನೆತನದವರು. ಅವರ ತಲೆಯ ಮೇಲೂ ಅದೇ ಮೈಸೂರು ಪೇಟ. ದರ್ಬಾರಿಗೆ ಬರುವ ಅಧಿಕಾರಿಗಳ ಪೋಷಾಕು ಗೊತ್ತುಪಡಿಸಿದ್ದಾಗಿತ್ತು: ಕಪ್ಪು ಉದ್ದ ಕೋಟು, ಬಿಳಿ ಷರಾಯಿ, ಜರಿ ಪೇಟ. ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ 1930, 40ರ ದಶಕಗಳಲ್ಲಿ ಬರೆದ ಜಂಬೂಸವಾರಿಯ ಸಾಲುಚಿತ್ರಗಳಿವೆ. ನಿಜವಾದ ಮೆರವಣಿಗೆಯ ಫೋಟೋಗಳನ್ನು ನೋಡಿಕೊಂಡು ಕಲಾವಿದರು ಅವನ್ನು ಬರೆದರು. ಅಲ್ಲಿ ಯೂರೋಪಿನ ಕಟ್ಟಿನ ಸೈನಿಕ ಸಮವಸ್ತ್ರವೂ ಊರ ದೊಡ್ಡವರ ಪೇಟವೂ ಒಂದೇ ಸಾಲಿನಲ್ಲಿ ನಡೆಯುತ್ತವೆ, ಚಿತ್ರಕಾರರಿಗೆ ಅದರಲ್ಲಿ ಬೆರಕೆ ಕಾಣಲಿಲ್ಲ. ಆ ಪೇಟ ಧರ್ಮದ ಗುರುತಾಗಿರಲಿಲ್ಲ, ಊರಿನ ಪುರಾತನತ್ವದ ಗುರುತೂ ಆಗಿರಲಿಲ್ಲ. ನಾನು ಈ ಸಂಸ್ಥಾನದ ಕೆಲಸದಲ್ಲಿದ್ದೇನೆ ಎಂದಷ್ಟೇ ಅದು ಹೇಳುತ್ತಿತ್ತು. ಹೈಸ್ಕೂಲು ಮೇಷ್ಟರು, ಅಮಲ್ದಾರರು, ಲಾಯರುಗಳು ಅದನ್ನು ಸುತ್ತಿಕೊಂಡದ್ದು ಈ ಅರ್ಥದಲ್ಲಿ.

ರೇಷ್ಮೆಯ ಕಥೆ ಇನ್ನೂ ಸ್ಪಷ್ಟ. ಟಿಪ್ಪುವಿನ ಕಾಲದಲ್ಲಿ ಬಂಗಾಳದಿಂದ ಹುಳು ತರಿಸಿ ಈ ಸೀಮೆಯಲ್ಲಿ ರೇಷ್ಮೆ ಕೃಷಿಗೆ ಬೇರು ಬಿಡಿಸಿದರು. ಆದರೆ ‘ಮೈಸೂರು ಸಿಲ್ಕ್’ ಎಂಬ ಸೀರೆ ಇಪ್ಪತ್ತನೆಯ ಶತಮಾನದ್ದು, ಮತ್ತು ಅದು ಮೊದಲಿನಿಂದಲೂ ಯಂತ್ರದ ಮಗ್ಗದ್ದು. ಇದನ್ನು ತಗ್ಗಿದ ದನಿಯಲ್ಲಿ ಹೇಳುವವರಿದ್ದಾರೆ, ಯಂತ್ರದ್ದೆಂದರೆ ಬೆಲೆ ಇಳಿಯುತ್ತದೇನೋ ಎಂಬಂತೆ. ನನ್ನ ಲೆಕ್ಕದಲ್ಲಿ ಅದರ ಹೆಚ್ಚುಗಾರಿಕೆಯೇ ಅದು. ಹೆಚ್ಚು ಹುರಿ ಹಾಕಿದ ನೂಲಿನಿಂದ ನೇಯ್ದ ಆ ಕ್ರೇಪ್ ಬಟ್ಟೆಗೆ ಕಂಚಿಯ ಸೀರೆಯ ಭಾರವಿಲ್ಲ, ಬನಾರಸಿನ ತುಂಬು ಬುಟ್ಟಾ ನೇಯ್ಗೆಯಿಲ್ಲ. ಒಂದೇ ಬಣ್ಣದ ಬಯಲು ಒಡಲು, ಅಂಚಿಗೆ ಜರಿ. ಕುಳಿತು ಏಳುವ, ನಡೆಯುವ, ಬಸ್ಸು ಹತ್ತುವ ಹೆಂಗಸಿಗೆ ಅದು ಹೇಳಿಮಾಡಿಸಿದಂತಿದೆ. 1881ರಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ತೆರೆದಲ್ಲಿಂದ ಮನೆಯ ಹೊಸಲು ದಾಟಿ ಓದಲು, ಆಮೇಲೆ ಪಾಠ ಹೇಳಲು, ಕಚೇರಿಯಲ್ಲಿ ಕೂರಲು ಹೊರಟ ಹೆಂಗಸರ ಕಾಲಕ್ಕೆ ಹಗುರವಾದ ರೇಷ್ಮೆ ಬೇಕಿತ್ತು. ಕಚ್ಚೆ ಹಾಕಿ ಉಡುವ ಉದ್ದ ಸೀರೆಯಿಂದ ಆರು ಗಜದ ಸೀರೆಗೆ ಅವರು ಬಂದದ್ದೂ ಇದೇ ದಾರಿಯಲ್ಲಿ. ಸ್ವಾತಂತ್ರ್ಯದ ಮೇಲೆ ಕಾರ್ಖಾನೆ ಸರ್ಕಾರದ ರೇಷ್ಮೆ ಇಲಾಖೆಗೆ ಹೋಯಿತು, 1980ರಲ್ಲಿ ರಾಜ್ಯ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು, 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆಯಿತು. ಜರಿಯಲ್ಲಿ ಬೆಳ್ಳಿ ನೂರಕ್ಕೆ 65, ಚಿನ್ನ 0.65 ಪಾಲು ಎಂದು ಅದರ ಹೆಗ್ಗಳಿಕೆ. ಪ್ರತಿ ಸೀರೆಗೂ ತನ್ನದೇ ಸಂಕೇತ ಸಂಖ್ಯೆಯುಂಟು. ಇದೇ ಸೀಮೆಯಲ್ಲಿ ಕೊಳ್ಳೇಗಾಲದ ನೇಕಾರರು ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತ ಬಂದರು. ಪುರಾತನವೇ ನಮಗೆ ಮುಖ್ಯವಾಗಿದ್ದರೆ ಕೀರ್ತಿ ಕೊಳ್ಳೇಗಾಲಕ್ಕೆ ಸಲ್ಲಬೇಕಿತ್ತು. ಸಂದದ್ದು ಕಾರ್ಖಾನೆಯ ಸೀರೆಗೆ, ಏಕೆಂದರೆ ಅದರ ಹಿಂದೆ ಅರಮನೆಯ ಹೆಸರಿತ್ತು, ಸರ್ಕಾರದ ಮುದ್ರೆಯಿತ್ತು, ಹೊಸ ಹೆಂಗಸಿನ ಅಗತ್ಯವೂ ಇತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಎಲ್ಲ ಸಂಪ್ರದಾಯಕ್ಕೂ ಒಂದು ಹುಟ್ಟಿದ ದಿನ ಇರುತ್ತದೆ; ನೂರು ವರ್ಷ ಜನ ಪ್ರೀತಿಯಿಂದ ಉಟ್ಟ ಮೇಲೆ ಅದು ನಿಜವಾದ ಸಂಪ್ರದಾಯವೇ ಆಯಿತಲ್ಲ, ಜಾತಕ ಕೆದಕಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಮದುವೆಗೆ ಕೊಂಡ ಮೈಸೂರು ಸಿಲ್ಕನ್ನು ತಾಯಿ ಮಗಳಿಗೆ, ಮಗಳು ಮೊಮ್ಮಗಳಿಗೆ ಕೊಟ್ಟು ಬಂದ ಮನೆಗಳು ಈ ಊರಿನಲ್ಲಿ ಎಷ್ಟೋ ಇವೆ. ಆ ಸೀರೆಯನ್ನು ಹುಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಬರಬಾರದು ಕೂಡ. ನಾನು ಹೇಳುವುದು ಹುಸಿ ಎಂದಲ್ಲ. ಕಟ್ಟಿದ್ದು ಎಂದು ಒಪ್ಪಿಕೊಂಡರೆ ಕಟ್ಟಿದವರು ಯಾರು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಅನಾದಿ ಎಂದುಬಿಟ್ಟರೆ ಆ ಪ್ರಶ್ನೆಗೆ ಜಾಗವೇ ಇರುವುದಿಲ್ಲ. ರಾಮನಗರದ ಗೂಡು ಮಾರುಕಟ್ಟೆಗೆ ರಾತ್ರಿಯೆಲ್ಲ ಪ್ರಯಾಣ ಮಾಡಿ ಗೂಡು ತರುವ ರೈತ, ಕುದಿಯುವ ನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ಎಳೆ ತೆಗೆಯುವ ಹೆಂಗಸು, ಹುರಿಯಂತ್ರದ ಸದ್ದಿನಲ್ಲಿ ಕಿವಿ ಮಂದವಾದ ಕೆಲಸಗಾರ, ಸೆರಗಿನ ಕುಚ್ಚು ಕಟ್ಟುವ ಗೃಹಿಣಿ, ಇವರೆಲ್ಲ ಆ ಸೀರೆಯ ವಂಶಾವಳಿಯಲ್ಲಿರುವವರು. ಸೀರೆಯ ಸಂಕೇತ ಸಂಖ್ಯೆ ಕೊಳ್ಳುವವರಿಗೆ ಇದು ಅಸಲಿ ಎಂದು ಖಾತರಿ ಕೊಡುತ್ತದೆ. ನೇಯ್ದವರ ವಿಷಯ ಅದರಲ್ಲಿ ಓದಲು ಸಿಗುವುದಿಲ್ಲ. ಈಚಿನ ವರ್ಷಗಳಲ್ಲಿ ನಿಗಮದ ಮಳಿಗೆಗಳ ಮುಂದೆ ಬೆಳಕು ಹರಿಯುವ ಮೊದಲೇ ಸಾಲು ನಿಲ್ಲುತ್ತಿದೆ, ಟೋಕನ್ ಕೊಡುವಷ್ಟು ಬೇಡಿಕೆ ಇದೆ. ಬೇಡಿಕೆ ಇರುವಾಗಲೇ ಆ ಕೈಗಳ ಹೆಸರು ಹೇಳುವುದು ಸುಲಭ.

ಜಾತಕ ಕೆದಕಲು ಎರಡನೆಯ ಕಾರಣ ಇನ್ನೂ ಕಟುವಾದದ್ದು. ಬಟ್ಟೆಯ ನಿಯಮಗಳನ್ನು ಚಂದದ ಸಂಗತಿಯಾಗಿ ಮಾತ್ರ ನೆನೆಯುವವರು ಆ ನಿಯಮಗಳು ಯಾರ ಮೈಮೇಲೆ ಭಾರವಾಗಿದ್ದವು ಎನ್ನುವುದನ್ನು ಹೇಳುವುದಿಲ್ಲ. ಹಳೆಯ ಮೈಸೂರಿನ ಮೇಲ್ಜಾತಿಯ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿಗೆ ತಲೆ ಬೋಳಿಸಿ ಒಂದೇ ಬಣ್ಣದ ಕೆಂಪು ಸೀರೆ ಉಡಿಸುತ್ತಿದ್ದರು. ರವಿಕೆ ಇಲ್ಲ, ಹೂವಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ, ಅದನ್ನು ಆಧರಿಸಿ ಪ್ರೇಮಾ ಕಾರಂತರು ಮಾಡಿದ ಸಿನಿಮಾ ಮಲೆನಾಡಿನ ಅಂಥದೊಂದು ಬಾಳನ್ನು ನಮ್ಮ ಕಣ್ಣ ಮುಂದೆ ಇಟ್ಟವು. ರೇಷ್ಮೆಯನ್ನು ಮಡಿ ಬಟ್ಟೆ ಎಂದು ಕರೆದ ಬಾಯಿಯೇ ಆ ರೇಷ್ಮೆಯ ಗೂಡು ಬಿಡಿಸಿದವರನ್ನು ಅಡುಗೆಮನೆಯಿಂದಾಚೆ ನಿಲ್ಲಿಸಿತು. ಮೊಣಕಾಲಿನ ಕೆಳಗೆ ಪಂಚೆ ಬಿಡುವುದು, ಮೆಟ್ಟು ಹಾಕಿಕೊಂಡು ಒಡೆಯರ ಬೀದಿಯಲ್ಲಿ ನಡೆಯುವುದು ಕೆಳಗಿನ ಜಾತಿಗಳವರಿಗೆ ಸಲ್ಲದೆಂದು ಎಷ್ಟೋ ಹಳ್ಳಿಗಳು ಬರೆಯದ ಕಾನೂನು ಮಾಡಿಕೊಂಡಿದ್ದವು. 1927ರ ಡಿಸೆಂಬರಿನಲ್ಲಿ, ಕೆರೆಯ ನೀರಿನ ಹಕ್ಕಿಗಾಗಿ ಸತ್ಯಾಗ್ರಹ ನಡೆದ ಮಹಾಡ್‌ನಲ್ಲಿ, ಅಂಬೇಡ್ಕರರು ಹೆಣ್ಣುಮಕ್ಕಳನ್ನು ಕುರಿತು, ಜಾತಿಯ ಗುರುತು ಹೇಳುವ ಉಡುಗೆ ಒಡವೆಗಳನ್ನು ಬಿಡಿ, ಮೇಲಿನವರೆನಿಸಿಕೊಂಡವರು ಉಡುವಂತೆಯೇ ಸೀರೆ ಉಡಿ ಎಂದರು. ಅವರಿಗೆ ಬಟ್ಟೆ ಕೆರೆಯ ನೀರಿನಷ್ಟೇ ದೊಡ್ಡ ಹಕ್ಕಾಗಿತ್ತು. ಇವತ್ತು ಮೈಸೂರಿನ ಅಶೋಕಪುರಂನಲ್ಲಾಗಲಿ ಪುರಭವನದ ಬಳಿಯಲ್ಲಾಗಲಿ ಅವರ ಪ್ರತಿಮೆ ಸೂಟು ತೊಟ್ಟು ನಿಂತಿರುವುದು ಈ ಅರ್ಥದಲ್ಲೇ. ಪೇಟ ಮತ್ತು ಪಂಚೆ ಯಾವುದನ್ನು ಕೊಡಲಿಲ್ಲವೋ ಅದನ್ನು ಕೋಟು ಕೊಟ್ಟಿತು. ಸಂಸ್ಥಾನದೊಳಗೂ ಇದೇ ಪ್ರಶ್ನೆ ಇತ್ತು. ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯವರ ಪಾಲಾಗಿದೆ ಎಂಬ ದೂರಿನ ಮೇಲೆ 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, ಹಿಂದುಳಿದವರಿಗೆ ಮೀಸಲು ಬೇಕೆಂದು ಅದು ಶಿಫಾರಸು ಮಾಡಿತು. ಕಚೇರಿಯ ಬಾಗಿಲು ಯಾರಿಗೆ ತೆರೆಯಿತೋ ಅವರ ತಲೆಗಷ್ಟೇ ಕಚೇರಿಯ ಪೇಟ ಬಂದದ್ದು. ಪೇಟದ ಇತಿಹಾಸ ಬರೆಯುವವರು ಆ ಸಮಿತಿಯನ್ನೂ ಬರೆಯಬೇಕು.

ದಸರಾ ಹಬ್ಬದ ನಡುವೆ ಇಂಥ ಮಾತೇಕೆ, ಇವತ್ತು ಪೇಟ ಯಾರಿಗೂ ನಿಷಿದ್ಧವಲ್ಲವಲ್ಲ ಎನ್ನುವವರಿಗೂ ಉತ್ತರ ಹೇಳಬೇಕು. ನಿಜ, ಸನ್ಮಾನದ ವೇದಿಕೆಯ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಎಲ್ಲ ಜಾತಿಯ, ಎಲ್ಲ ಧರ್ಮದ ತಲೆಗಳಿಗೂ ಪೇಟ ಏರುತ್ತದೆ, ಹೆಣ್ಣುಮಕ್ಕಳ ತಲೆಗೂ ಏರುತ್ತದೆ. ಅರಮನೆಯ ಹಬ್ಬ ನಾಡಹಬ್ಬವಾಗಿ, ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿಯ ಮೂರ್ತಿ ಬಂದ ಮೇಲೆ ಪೇಟವೂ ಪ್ರಜೆಗಳದಾಯಿತು. ಇದನ್ನು ನಾನು ಮನಸಾರೆ ಒಳ್ಳೆಯದೆನ್ನುತ್ತೇನೆ. ಆದರೆ ಮುಂಚೆ ಆರೇಳು ಗಜದ ಬಟ್ಟೆಯನ್ನು ತಲೆಯ ಅಳತೆ ನೋಡಿ ಕೈಯಿಂದ ಸುತ್ತಿ ಕಟ್ಟುತ್ತಿದ್ದರು. ಈಗ ಹೊಲಿದು ಸಿದ್ಧವಾದದ್ದನ್ನು ತಲೆಗಿಟ್ಟು ಫೋಟೋ ಮುಗಿದ ಮೇಲೆ ತೆಗೆಯುತ್ತಾರೆ. ವೇದಿಕೆಯ ಮೇಲೆ ಕೊಡುವ ಗೌರವ ಬೀದಿಗೆ ಇಳಿದಿದೆಯೇ ಎನ್ನುವುದೇ ಪರೀಕ್ಷೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರ ಬಾಗಿಲಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಮಗನ ಜೊತೆ ಸಿನಿಮಾ ನೋಡಲು ಬಂದವರು ಅವರು. ನಾಡೆಲ್ಲ ಸಿಟ್ಟಾಯಿತು, ಸರ್ಕಾರ ಏಳು ದಿನ ಆ ಮಾಲ್ ಮುಚ್ಚಿಸಿತು. ಸಿಟ್ಟು ಸರಿಯಾದದ್ದೇ. ಪಂಚೆಯಲ್ಲೇ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತವರು ನಮ್ಮ ಮೈಸೂರು ಜಿಲ್ಲೆಯವರೇ ಇದ್ದಾಗ ಇದು ನಡೆಯಿತು ಎನ್ನುವುದನ್ನು ನೆನೆದರೆ, ಉಡುಪಿನ ಗೌರವ ಬಟ್ಟೆಯಲ್ಲಿಲ್ಲ, ಅದನ್ನು ಉಟ್ಟವರು ಯಾರು ಎಂದು ಬಾಗಿಲು ಕಾಯುವವನು ಊಹಿಸುವುದರಲ್ಲಿದೆ ಎಂದು ತಿಳಿಯುತ್ತದೆ. ಸರಯೂ ದಂಡೆಯ ಗುಂಪಿಗೂ ಈ ಬಾಗಿಲಿಗೂ ನಡುವೆ ತೊಂಬತ್ತು ವರ್ಷ ದಾಟಿದೆ, ತೀರ್ಪಿನ ರೀತಿ ಮಾತ್ರ ಅದೇ.

ಇನ್ನು ದಿನದ ಬಟ್ಟೆ. ನಮ್ಮ ನೆನಪಿನ ಬರಹಗಳು ಇದನ್ನು ಸೇರಿಸಿಕೊಂಡೇ ಇಲ್ಲ ಎನ್ನುವುದು ನನ್ನ ದೊಡ್ಡ ಕೊರಗು. ಸಿದ್ಧಾರ್ಥನಗರ ಅರಸರ ಕಾಲದ ಅಗ್ರಹಾರವಲ್ಲ, ಮೊಹಲ್ಲಾ ಅಲ್ಲ. ಸ್ವಾತಂತ್ರ್ಯದ ನಂತರ ಬೆಳೆದ ಬಡಾವಣೆ, ನೌಕರಿಯವರ, ನಿವೃತ್ತರ, ಊರೂರುಗಳಿಂದ ಬಂದವರ ಜಾಗ. ಪಕ್ಕದಲ್ಲೇ 1921ರಲ್ಲಿ ವೈಸರಾಯ್‌ಗಾಗಿ ಕಟ್ಟಿದ ಲಲಿತಮಹಲ್ ಇದೆ, ಈಚೆಗೆ ಜಿಲ್ಲಾಧಿಕಾರಿಗಳ ಹೊಸ ಕಚೇರಿಯೂ ಬಂದಿದೆ, ಹೆಣ್ಣುಮಕ್ಕಳ ಟೆರೇಷಿಯನ್ ಕಾಲೇಜು ಇದೆ. ಇಂಥ ಬಡಾವಣೆಯಲ್ಲಿ ಉಡುಪಿನ ಇತಿಹಾಸ ಎಂದರೆ ಹಬ್ಬಕ್ಕೆ ಒಂದೇ ತಾನಿನಿಂದ ಎಲ್ಲ ಮಕ್ಕಳಿಗೂ ಅಂಗಿ ಹೊಲಿಸಿದ ಕಾಲ. ಬೆಳೆಯುವ ಹುಡುಗನ ಚಡ್ಡಿಗೆ ಒಳಗೆ ಮಡಿಕೆ ಬಿಟ್ಟು, ವರ್ಷವಾದ ಮೇಲೆ ಬಿಚ್ಚಬೇಕೆಂದು ದರ್ಜಿಗೆ ಹೇಳಿದ ಕಾಲ. ಟೆರಿಲಿನ್, ಟೆರಿಕಾಟ್ ಬಂದು ಗಂಜಿ ಹಾಕುವ, ಇಸ್ತ್ರಿ ಮಾಡುವ ಶ್ರಮ ಕಡಿಮೆಯಾದಾಗ ಮನೆಯ ಹೆಂಗಸಿಗೆ ವಾರದಲ್ಲಿ ಎಷ್ಟು ಹೊತ್ತು ಉಳಿಯಿತು ಎಂದು ಯಾರೂ ಬರೆದಿಡಲಿಲ್ಲ. ನೈಲಾನ್ ಸೀರೆ, ಬೆಲ್‌ಬಾಟಮ್, ಸಫಾರಿ ಸೂಟು, ಆಮೇಲೆ ಚೂಡಿದಾರ, ಜೀನ್ಸು, ಲೆಗ್ಗಿಂಗ್ಸು. ಇವು ಬಂದುಹೋದ ಸಾಲಿನಲ್ಲಿ ನೌಕರಿ, ಬಸ್ಸು, ಸ್ಕೂಟರು, ಮಿಕ್ಸಿ, ವಾಷಿಂಗ್ ಮಷೀನುಗಳ ಇತಿಹಾಸವೂ ಹೆಣೆದುಕೊಂಡಿದೆ. ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡುವ ರವಿಕೆ ಕಣವನ್ನು ನೋಡಿ: ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೊಲಿಸದೆಯೇ ಸುತ್ತುವ ಆ ಬಟ್ಟೆ ಬಡಾವಣೆಯ ಹೆಂಗಸರನ್ನು ಜಾತಿ, ಭಾಷೆ ಮೀರಿ ಒಂದು ಕೊಡುಕೊಳ್ಳುವಿಕೆಯಲ್ಲಿ ಸೇರಿಸಿತು. ಇದೂ ಉಡುಪಿನ ಪದ್ಧತಿಯೇ.

ನೈಟಿಯ ಬಗ್ಗೆ ನಾನು ಮುಜುಗರವಿಲ್ಲದೆ ಬರೆಯಬಯಸುತ್ತೇನೆ. ಮಲಗುವ ಕೋಣೆಗೆಂದು ಬಂದ ಬಟ್ಟೆ ಅಡುಗೆಮನೆಗೆ ಬಂತು, ಅಂಗಳಕ್ಕೆ ಬಂತು, ತರಕಾರಿ ಗಾಡಿಯ ಬಳಿಗೆ ಬಂತು, ಮಗುವಿನ ಸ್ಕೂಲು ವ್ಯಾನಿನವರೆಗೆ ಬಂತು. ಹೊರಗೆ ಬರುವಾಗ ಹೆಂಗಸರು ಅದಕ್ಕೆ ತಾವೇ ಒಂದು ನಿಯಮ ಕಂಡುಕೊಂಡರು: ಮೇಲೊಂದು ಟವೆಲು, ಇಲ್ಲವೇ ಚೂಡಿದಾರದ ವೇಲು. ಅದನ್ನು ಯಾವ ಅರಮನೆಯೂ ಗೊತ್ತುಪಡಿಸಲಿಲ್ಲ, ಯಾವ ಸಿನಿಮಾವೂ ಕಲಿಸಲಿಲ್ಲ. ಒಂದು ನಾಡಿನ ಹೆಂಗಸರು ಯಾರ ಅಪ್ಪಣೆಯನ್ನೂ ಕೇಳದೆ ಒಂದು ಹೊಸ ಉಡುಪನ್ನೂ ಅದರ ಮರ್ಯಾದೆಯನ್ನೂ ಕಟ್ಟಿಕೊಂಡ ಇನ್ನೊಂದು ಉದಾಹರಣೆ ನಮ್ಮ ಕಾಲದಲ್ಲಿ ನನಗೆ ಕಾಣುವುದಿಲ್ಲ. ಅದು ಚಂದವಿಲ್ಲ, ಮೈಗೊಪ್ಪುವುದಿಲ್ಲ, ಸೀರೆಯ ಘನತೆ ಅದಕ್ಕೆಲ್ಲಿ ಎನ್ನುತ್ತಾರೆ. ಈ ದೂರು ಹೇಳುವವರಲ್ಲಿ ಹೆಚ್ಚಿನವರು ಸೀರೆ ಉಟ್ಟು ಒಲೆಯ ಮುಂದೆ ನಿಂತವರಲ್ಲ. ಸೆರಗು ಬೆಂಕಿಗೆ ತಗಲುವ ಭಯ, ಒದ್ದೆ ನೆಲ ಒರೆಸುವಾಗ ನೆರಿಗೆ ಎತ್ತಿ ಸಿಕ್ಕಿಸುವ ಕಷ್ಟ, ಬೇಸಿಗೆಯ ಬೆವರು, ಬಸಿರು ಬಾಣಂತನದ ದಿನಗಳು, ಮುಟ್ಟಿನ ದಿನಗಳು, ವಯಸ್ಸಾದಂತೆ ನೋಯುವ ಸೊಂಟ, ಇವೆಲ್ಲಕ್ಕೂ ಈ ಸಡಿಲ ಹತ್ತಿಯ ಬಟ್ಟೆ ಉತ್ತರ ಕೊಟ್ಟಿತು. ಘನತೆಯ ಹೆಸರಿನಲ್ಲಿ ತಡೆಯಲು ಹೊರಟವರೂ ಇದ್ದಾರೆ: 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಹಳ್ಳಿಯೊಂದರ ಹಿರಿಯರು ಹಗಲು ನೈಟಿ ತೊಟ್ಟು ಹೊರಬರುವ ಹೆಂಗಸರಿಗೆ ದಂಡ ಹಾಕುವುದಾಗಿ ಸಾರಿದರು. ದಂಡ ಹಾಕಬೇಕೆನಿಸುವಷ್ಟು ಬಲ ಆ ಬಟ್ಟೆಗೆ ಬಂದಿದೆ ಎಂದರೆ ಅದು ಬರೀ ಅನುಕೂಲವಾಗಿ ಉಳಿದಿಲ್ಲ ಎಂದೇ ಅರ್ಥ. 1910ರ ದಶಕದ ಹೆಂಗಸರಿಗೆ ಹಗುರ ರೇಷ್ಮೆ ಕೊಟ್ಟ ಬಿಡುವಿಗೂ ಇವತ್ತಿನವರಿಗೆ ನೈಟಿ ಕೊಟ್ಟ ಬಿಡುವಿಗೂ ನಾನು ನಂಟು ಕಾಣುತ್ತೇನೆ.

ಹಾಗಾದರೆ ಮೈಸೂರಿನ ಉಡುಪೆಂದು ಏನನ್ನೂ ಗುರುತಿಸದೆ, ಯಾರು ಏನು ತೊಟ್ಟರೂ ಸರಿ ಎಂದು ಬಿಟ್ಟುಬಿಡುವುದೇ ಎಂದು ಕೇಳಬಹುದು. ನೇಯ್ಗೆಯ ಕಸುಬುಗಳನ್ನು ಉಳಿಸಬೇಕೆನ್ನುವವರ ಆತಂಕ ಇದು, ನನಗೆ ಅದರ ಬಗ್ಗೆ ಗೌರವವಿದೆ. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರ, ತಗಡೂರು ರಾಮಚಂದ್ರರಾಯರಂಥವರ ಬಾಳೆಲ್ಲ ಖಾದಿಗೇ ಸಂದದ್ದು, 2015ರಲ್ಲಿ ಅದೇ ಬದನವಾಳಿನಲ್ಲಿ ರಂಗಕರ್ಮಿ ಪ್ರಸನ್ನ ಕೂತ ಸತ್ಯಾಗ್ರಹ, ಹೆಗ್ಗೋಡಿನ ಚರಕ ಸಂಸ್ಥೆಯ ಹೆಂಗಸರು ನೇಯ್ದು ಬಣ್ಣ ಹಾಕುವ ಬಟ್ಟೆ, ಇವು ಉಡುಪನ್ನು ದುಡಿಮೆಯ ಕಡೆಯಿಂದ ನೋಡುವುದನ್ನು ಕಲಿಸಿದವು. ಯಾವುದು ಪುರಾತನ ಎಂದು ಕೇಳುವ ಬದಲು, ಯಾರು ಮಾಡಿದರು, ಎಷ್ಟು ಸಿಕ್ಕಿತು, ಉಟ್ಟವರಿಗೆ ಹೇಗಿತ್ತು ಎಂದು ಕೇಳುವುದು ಅವರ ದಾರಿ. ನನ್ನ ವಾದವೂ ಅದೇ ದಾರಿಯದು. ಗುರುತನ್ನು ಬಿಡಬೇಕಿಲ್ಲ, ಅದರೊಳಗೆ ಇನ್ನಷ್ಟನ್ನು ಸೇರಿಸಿಕೊಳ್ಳಬೇಕು. ಇದೇ ಊರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯಿತು, ಆಗ ಆಸನ ಹಾಕುತ್ತಿದ್ದವರು ಲಂಗೋಟಿಯವರು. ಗೋಕುಲಂನಲ್ಲಿ ಇವತ್ತು ಯೋಗ ಕಲಿಯಲು ಬರುವ ಪರದೇಶದವರು ತೊಡುವುದು ಮೈಗಂಟುವ ಹಿಗ್ಗುಬಟ್ಟೆ. ಹೆಬ್ಬಾಳದ ಕಡೆಯ ಸಾಫ್ಟ್‌ವೇರ್ ಕಂಪನಿಗಳಿಗೆ ಹೊರಟ ಹುಡುಗರ ಕೊರಳಿನ ಗುರುತಿನ ಚೀಟಿ, ಸಂಸ್ಥಾನದ ಕಾಲದ ಪೇಟ ಹೇಳುತ್ತಿದ್ದ ಮಾತನ್ನೇ ಹೇಳುತ್ತದೆ. ಇವೆಲ್ಲ ಮೈಸೂರಿನ ಉಡುಪುಗಳೇ.

ನಾನು ಕೇಳುವುದು ಇಷ್ಟು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ, ಕುಣಿತದವರ ವೇಷಭೂಷಣ ಅದರ ಸಂಗ್ರಹದಲ್ಲಿದೆ. ಯಾದವಗಿರಿಯ ನಾರಾಯಣ್ ಮನೆ ಈಗ ವಸ್ತುಸಂಗ್ರಹಾಲಯ, ಲೇಖಕರೊಬ್ಬರ ದಿನದ ಬದುಕಿನ ಸಾಮಾನುಗಳನ್ನು ಅಲ್ಲಿ ನೋಡಬಹುದು. ಪ್ರತಿ ವರ್ಷ ದಸರಾ ವಸ್ತುಪ್ರದರ್ಶನಕ್ಕೆ ಜನ ಮುಗಿಬೀಳುತ್ತಾರೆ. ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಮೈಸೂರಿನ ಸಾಮಾನ್ಯರ ಬಟ್ಟೆಗೆ ಒಂದು ಕೋಣೆ ಬೇಕು. ಅಲ್ಲಿ ಕೈಯಲ್ಲಿ ಸುತ್ತಿದ ಪೇಟದ ಪಕ್ಕದಲ್ಲಿ ಅದನ್ನು ಸುತ್ತುವ ಬಗೆ, ಸುತ್ತುತ್ತಿದ್ದವರ ಮಾತು. ಮೈಸೂರು ಸಿಲ್ಕಿನ ಪಕ್ಕದಲ್ಲಿ ಗೂಡು ಬಿಡಿಸುವವರ ಕೂಲಿಯ ಲೆಕ್ಕ, ಹುರಿಯಂತ್ರದ ಚಿತ್ರ. ಮಡಿಕೆ ಬಿಚ್ಚಿದ ಗುರುತಿರುವ ಸ್ಕೂಲು ಚಡ್ಡಿ, ಟೆರಿಕಾಟ್ ಶರ್ಟು, ಪೌರಕಾರ್ಮಿಕರ ಹಸಿರು ಕೋಟು, ಕೆಂಪು ಸೀರೆ, ನೈಟಿ ಮತ್ತು ಟವೆಲು. ಪ್ರತಿಯೊಂದರ ಕೆಳಗೆ ಇಸವಿ, ಬೆಲೆ, ನೇಯ್ದ ಊರು, ಹೊಲಿದವರ ಹೆಸರು, ತೊಟ್ಟವರ ಕೆಲಸ. ಇವನ್ನು ನೋಡಲು ಯಾರು ಬರುತ್ತಾರೆ, ಮನೆಯಲ್ಲೇ ಇರುವುದನ್ನು ಗಾಜಿನೊಳಗೆ ಇಟ್ಟು ಏನು ಮಾಡುತ್ತೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಐವತ್ತು ವರ್ಷದ ಹಿಂದೆ ಪೇಟ ಸುತ್ತುವವರ ಮನೆಯಲ್ಲೂ ಅದು ಮನೆಯಲ್ಲೇ ಇರುವ ವಸ್ತುವಾಗಿತ್ತು. ಆಗ ಯಾರೂ ಬರೆದಿಡದ ಕಾರಣಕ್ಕೆ ಇವತ್ತು ಅದನ್ನು ಕೈಯಿಂದ ಕಟ್ಟಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಗಿದೆ. ಬಡಾವಣೆಗಳಲ್ಲಿ ಮನೆಯಲ್ಲೇ ಕೂತು ಫಾಲ್ ಹಾಕುವ, ಕುಚ್ಚು ಕಟ್ಟುವ, ರವಿಕೆ ಹೊಲಿಯುವ ಹೆಂಗಸರು ಇನ್ನೂ ಕೆಲಸ ಮಾಡುತ್ತಿದ್ದಾರೆ. ಯಾವ ವರ್ಷ ಯಾವ ತೋಳು, ಯಾವ ಕತ್ತು, ಯಾವ ಕುಚ್ಚು ಊರಿನಲ್ಲಿ ನಡೆಯಿತು ಎನ್ನುವುದು ಅವರಿಗೆ ಬಾಯಿಪಾಠ. ಬರೆದುಕೊಳ್ಳುವವರು ಮೊದಲು ಹೋಗಬೇಕಾದ್ದು ಅವರ ಮನೆಗಳಿಗೆ.